ಜಡೆಗೊಂದು ಮಾಶಾ ಅಲ್ಲಾ

ನನ್ನ ತಂಗಿ ದಿವ್ಯಶ್ರೀ ಮಸ್ಕತ್ತಿನಿಂದ ವಾಪಸು ಬರುವಾಗ ಎರಡು ದೊಡ್ಡ ಸೂಟ್‌ಕೇಸು, ಹುಲಿಯ ಚಿತ್ರದ ಒಂದು ಕಂಬಳಿ, ಡಬ್ಬಗಟ್ಟಲೆ ಖರ್ಜೂರ ತಂದಳು. ಅದಕ್ಕೆಲ್ಲ ನಾನು ಮನೆಯಲ್ಲಿ ಜಾಗ ಮಾಡಿಕೊಟ್ಟೆ. ಜಾಗ ಮಾಡಿಕೊಡಲು ನನ್ನಿಂದ ಆಗದೆ ಹೋದದ್ದು ಅವಳ ನಾಲಗೆಯ ಮೇಲೆ ಕೂತು ಬಂದ ಒಂದು ಮಾತಿಗೆ. ಮಾಶಾ ಅಲ್ಲಾ.

ಆಟೋ ಇಳಿದು ಅಂಗಳಕ್ಕೆ ಕಾಲಿಟ್ಟಾಗಲೇ ಶುರುವಾಯಿತು. ಸೀಬೆ ಗಿಡ ಕಾಯಿ ಹೊತ್ತು ಬಾಗಿದ್ದನ್ನು ನೋಡಿ ಮಾಶಾ ಅಲ್ಲಾ ಎಂದಳು. ಕರು ಬಾಲ ಎತ್ತಿಕೊಂಡು ಓಡಿದ್ದಕ್ಕೆ ಎಂದಳು. ನಾನು ಮಾಡಿದ ಉಪ್ಪುಸಾರನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ ಎಂದಳು. ನನ್ನ ಮಗ ಪುನೀತ ಮೂರನೇ ಮುದ್ದೆಗೆ ಕೈ ಹಾಕಿದಾಗಲೂ ಅದೇ. ಆ ಹುಡುಗ ತಿನ್ನುವುದನ್ನು ನೋಡಿ ಸಂತೋಷಪಟ್ಟವರನ್ನು ನಾನು ಅಂದೇ ಮೊದಲು ಕಂಡದ್ದು.

"ಹಂಗಂದ್ರೆ ಏನವ್ವಾ?" ಎಂದು ನನ್ನ ಅತ್ತೆ ರಂಗಮ್ಮ ಕೇಳಿದರು.

"ಚೆನ್ನಾಗಿರೋದು ಏನ್ ಕಂಡ್ರೂ ಅಲ್ಲಿ ಹಂಗನ್ಬೇಕು ಅಮ್ಮ. ಅರಬ್ಬಿ ಮಾತು. ಅಂದು ಅಂದು ಅಭ್ಯಾಸ ಆಗೋಗೈತೆ," ಎಂದಳು ದಿವ್ಯ.

ಅತ್ತೆಗೆ ಅಷ್ಟೇ ಸಾಕಾಯಿತು. ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಈಚೆ ನೆಲೆ ನಿಂತ ಮೇಲೆ ಅವರು ಅಕ್ಕಪಕ್ಕದವರಿಂದ ಮಲಯಾಳದ ಬೈಗುಳ, ಕೊಡವರ ಅಡಿಗೆ, ಉರ್ದುವಿನ ಚೌಕಾಸಿ ಎಲ್ಲ ಕಲಿತವರು. ಇದೊಂದು ಯಾವ ಲೆಕ್ಕ? ಮಾರನೆಯ ದಿನವೇ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದು, ಮೂಸಿ, "ಮಾಸಾಲ್ಲ" ಎಂದರು. ಧಾರಾವಾಹಿಯ ಕೆಟ್ಟ ಹೆಂಗಸಿನ ಸೀರೆಗೂ ಮಾಸಾಲ್ಲ. ಹಿಂದಿನ ಬೀದಿಯ ಕಾಳಮ್ಮನ ಗಂಡ ತೀರಿಕೊಂಡಾಗ ಸಾವಿನ ಮನೆಗೆ ಹೋಗಿ ಬಂದು ಕಾಲು ತೊಳೆಯುತ್ತಾ, "ಹೆಣುಕ್ಕೆ ಎಂಥಾ ಹೂವು ಹಾಕಿದ್ರು ಅಂತೀಯ, ಮಾಸಾಲ್ಲ" ಎಂದುಬಿಟ್ಟರು. ತಿಂಗಳೊಪ್ಪತ್ತಿನಲ್ಲಿ ನಮ್ಮ ಬೀದಿಯಲ್ಲಿ ಹಾಲು ಹಾಕಲು ಬರುವವರೂ ಆಡತೊಡಗಿದರು. ಎಲ್ಲರಿಗೂ ದಿವ್ಯ ಬೇಕು, ದಿವ್ಯಳ ಮಾತು ಬೇಕು. ನಾನು ಮಾತ್ರ ತುಟಿ ಬಿಚ್ಚಲಿಲ್ಲ.

ನನಗೆ ಹೊಟ್ಟೆಕಿಚ್ಚು. ಅದನ್ನು ಸುತ್ತಿ ಬಳಸಿ ಹೇಳುವುದೇನೂ ಬೇಡ. ಆದರೆ ಕಂಬಳಿಗೋ ಖರ್ಜೂರಕ್ಕೋ ಉರಿದುಕೊಳ್ಳುವಷ್ಟು ಸಣ್ಣವಳು ನಾನಲ್ಲ. ನನ್ನ ಹೊಟ್ಟೆಯ ಕಿಚ್ಚಿಗೆ ಒಂದೇ ಕಾರಣ, ಅದರ ಹೆಸರು ಪ್ರಿಯಾ.

ಪ್ರಿಯಾ ದಿವ್ಯಳ ಹೊಟ್ಟೆಯಲ್ಲಿ ಹುಟ್ಟಿದವಳು. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಗಂಡ ಜೀಪು ಉರುಳಿ ತೀರಿಕೊಂಡ ಮೇಲೆ, ಮಗು ಇನ್ನೂ ಅಂಬೆಗಾಲಿಡುತ್ತಿದ್ದಾಗ, ಅವಳು ಮಸ್ಕತ್ತಿನ ಒಂದು ಮನೆಗೆ ಮಗು ನೋಡಿಕೊಳ್ಳುವ ಕೆಲಸಕ್ಕೆ ಹೋದಳು. ಹೋಗುವ ದಿನ ಪ್ರಿಯಾಳನ್ನು ನನ್ನ ಮಡಿಲಿಗೆ ಹಾಕಿ, "ಅಕ್ಕ, ಇನ್ಮೇಲೆ ನಿಂದೇ ಅಂದ್ಕೊ" ಎಂದಳು. ನಾನು ಅಂದುಕೊಂಡೆ. ಅದರಲ್ಲಿ ತಪ್ಪೇನು? ಹೇಳಿದ್ದನ್ನೇ ಮಾಡಿದೆ.

ಆಮೇಲಿನದೆಲ್ಲ ನನ್ನದು. ಮೊದಲು ಅಮ್ಮ ಎಂದದ್ದು ನನ್ನ ಮುಖ ನೋಡಿ. ಹಲ್ಲು ಬರುವಾಗಿನ ಭೇದಿ, ಅಂಗನವಾಡಿಯ ಅಳು, ಮಗ್ಗಿ, ಮಂಗನಬಾವು ಎಲ್ಲ ನನ್ನ ಪಾಲಿಗೆ ಬಂದವು. ದಿವ್ಯ ಅವಳಿಗೆ ಮೊಬೈಲಿನಲ್ಲಿ ಕಾಣುವ ದಿವ್ಯಮ್ಮ. ಎರಡು ವರ್ಷಕ್ಕೊಮ್ಮೆ ಬಂದು, ಗೊಂಬೆ ಕೊಟ್ಟು, ಅತ್ತು ಹೋಗುವವಳು. ಹೋದ ಮೇಲೆ ಮಗು ಎರಡು ದಿನ ಮಂಕಾಗಿರುತ್ತಿತ್ತು, ಮೂರನೆಯ ದಿನ ನನ್ನ ಸೆರಗು ಹಿಡಿದು ತಿರುಗುತ್ತಿತ್ತು. ನನಗೆ ಒಬ್ಬ ಮಗನಿದ್ದಾನೆ, ನಿಜ. ಆದರೆ ಗಂಡುಮಕ್ಕಳು ಊಟಕ್ಕೆ ಬರುತ್ತಾರೆ, ಹೋಗುತ್ತಾರೆ. ಅಡಿಗೆಮನೆಯ ಹೊಸಿಲ ಮೇಲೆ ಕೂತು ಸ್ಕೂಲಿನ ಸುದ್ದಿಯೆಲ್ಲ ಒಪ್ಪಿಸುವುದು ಪ್ರಿಯಾ ಒಬ್ಬಳೇ.

ಅವಳ ಕೂದಲಿನ ಬಗ್ಗೆ ಹೇಳಲೇಬೇಕು. ಸೊಂಟ ದಾಟಿದ ಕೂದಲು, ದಟ್ಟ, ಕಪ್ಪು. ಹುಟ್ಟುವಾಗ ಹಾಗಿರಲಿಲ್ಲ, ನಾಲ್ಕು ಎಳೆ ಇತ್ತು ಅಷ್ಟೇ. ಕರಿಬೇವು, ಮೆಂತ್ಯ, ದಾಸವಾಳದ ಎಲೆ ಹಾಕಿ ಎಣ್ಣೆ ಕಾಯಿಸಿ, ಭಾನುವಾರ ಭಾನುವಾರ ತಿಕ್ಕಿ, ಸೀಗೆಪುಡಿ ಹಾಕಿ ತೊಳೆದು, ಸಾಂಬ್ರಾಣಿ ಹೊಗೆ ಹಿಡಿದು ಬೆಳೆಸಿದ್ದು ನಾನು. ಮಧ್ಯಾಹ್ನ ಜಗಲಿಯಲ್ಲಿ ಕಾಲು ಚಾಚಿ ಕೂತು ಜಡೆ ಹಾಕುವಾಗ ಅವಳಿಗೆ ಜೊಂಪು ಹತ್ತುತ್ತದೆ. ತಲೆ ತಂದು ನನ್ನ ಮಂಡಿಗೆ ಒರಗಿಸುತ್ತಾಳೆ. ಹಾಗೆ ಒರಗಿದರೆ ಜಡೆ ಹಾಕಲು ಕಷ್ಟ. ಆದರೂ ನಾನು ಒಂದು ದಿನವೂ ನೆಟ್ಟಗೆ ಕೂರು ಎಂದವಳಲ್ಲ.

ದಿವ್ಯ ಬಂದ ಮೇಲೆ ಭಾನುವಾರಗಳು ಹಾಳಾದವು. ನಾನು ಬಾಚಣಿಗೆ ತೆಗೆದರೆ ಸಾಕು, ಎಲ್ಲಿದ್ದರೂ ಬಂದು ಎದುರಿನ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಮೊಬೈಲು ನೋಡುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಸುಮ್ಮನೆ ನೋಡುವುದು. ಪ್ರಿಯಾಳ ತಲೆ ನನ್ನ ಮಂಡಿಗೆ ಬಂತೆಂದರೆ ಅವಳ ಬಾಯಿಂದ ಮೆಲ್ಲಗೆ ಹೊರಡುತ್ತಿತ್ತು. ಮಾಶಾ ಅಲ್ಲಾ. ಸೀಬೆಕಾಯಿಗೆ ಅಂದ ಹಾಗಲ್ಲ, ಉಪ್ಪುಸಾರಿಗೆ ಅಂದ ಹಾಗೂ ಅಲ್ಲ. ಉಸಿರಿನ ಜೊತೆ, ತನಗೆ ತಾನೇ ಹೇಳಿಕೊಂಡ ಹಾಗೆ.

"ಏನೇ ಅದು, ಜಪ ಮಾಡ್ದಂಗೆ?" ಎಂದು ಒಮ್ಮೆ ರೇಗಿದೆ.

"ಏನಿಲ್ಲ ಅಕ್ಕ. ಕೂದ್ಲು ಚೆನ್ನಾಗೈತೆ."

"ಚೆನ್ನಾಗಿಲ್ದೆ ಏನು? ಎಷ್ಟು ವರ್ಷದ ಎಣ್ಣೆ ಅದು."

ಅವಳು ಮತ್ತೊಮ್ಮೆ ಅದನ್ನೇ ಹೇಳಿದಳು. ನನ್ನ ಮೈ ಉರಿದು ಹೋಯಿತು.

ಪ್ರಿಯಾ ಬೇರೆ ಅವಳ ಹಿಂದೆ ಬಿದ್ದಳು. ಹೊಸ ಕ್ಲಿಪ್ಪು, ಹೊಸ ರಬ್ಬರ್ ಬ್ಯಾಂಡು. ಬೆಳಗ್ಗೆ ಸ್ಕೂಲ್ ಬಸ್ಸಿನ ಹಾರ್ನ್ ಕೇಳಿದರೆ "ಯಲ್ಲಾ ಅಮ್ಮ, ಯಲ್ಲಾ, ಡಬ್ಬಿ ಕೊಡು" ಎನ್ನುವುದು. ಬೇಗ ಬೇಗ ಎನ್ನಲು ಕನ್ನಡದಲ್ಲಿ ಮಾತಿರಲಿಲ್ಲವೇ? ಖಲಾಸ್ ಅನ್ನುವುದನ್ನಂತೂ ನನ್ನ ಗಂಡ ಸಣ್ಣಸ್ವಾಮಿ ಶುಂಠಿ ತೊಳೆಯುವ ಯಾರ್ಡಿನಲ್ಲಿ ಮೊದಲಿನಿಂದ ಆಡುತ್ತಿದ್ದರು, ಈಗ ಅದು ಅರಬ್ಬಿಯದಂತೆ ಎಂದು ತಿಳಿದು ದಿನಕ್ಕೆ ಹತ್ತು ಸಲ ಆಡತೊಡಗಿದರು. ನನ್ನ ಮನೆ, ನನ್ನ ಗಂಡ, ನನ್ನ ಅತ್ತೆ, ಎಲ್ಲರ ಬಾಯಲ್ಲೂ ಅವಳೇ.

ಏಪ್ರಿಲ್ ಕೊನೆಯಲ್ಲಿ ಒಂದು ದಿನ ಊಟಕ್ಕೆ ಕೂತಿದ್ದಾಗ ದಿವ್ಯ ವಿಷಯ ತೆಗೆದಳು. ಚೆಟ್ಟಳ್ಳಿಯ ಹತ್ತಿರ ಒಂದು ಎಸ್ಟೇಟಿನಲ್ಲಿ ಲೈನ್ ಮನೆಗಳಲ್ಲಿರುವ ಕೂಲಿಯವರ ಮಕ್ಕಳನ್ನು, ಅಮ್ಮಂದಿರು ಕೆಲಸಕ್ಕೆ ಹೋದಾಗ ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕಂತೆ. ಅಲ್ಲಿ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದ್ದನಂತೆ. ಇರಲು ಎರಡು ಕೋಣೆಯ ಕ್ವಾರ್ಟರ್ಸ್ ಕೊಡುತ್ತಾರಂತೆ.

"ಒಳ್ಳೇದಾಯ್ತಲ್ಲ," ಎಂದೆ. ನಿಜವಾಗಿ ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಹೋಗಲಿ, ತನ್ನ ಮಾತು ತಾನು ಕಟ್ಟಿಕೊಂಡು ಹೋಗಲಿ ಎಂದುಕೊಂಡೆ.

"ಜೂನ್‌ಗೆ ಪ್ರಿಯಾನ್ನೂ ಅಲ್ಲೇ ಸ್ಕೂಲಿಗೆ ಹಾಕ್ತೀನಿ ಅಕ್ಕ."

ಅತ್ತೆ ಮಜ್ಜಿಗೆ ಸುರಿಯುತ್ತಿದ್ದವರು ಲೋಟ ತುಂಬಿದರೂ ನಿಲ್ಲಿಸಲಿಲ್ಲ.

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಬಸಿರು ಬಾಣಂತನ ಮಾತ್ರ ನಿನ್ನದು, ಸಾಕಿದ್ದು ಯಾರು ಎಂದೆ. ಬೆಳೆದ ಪೈರಿಗೆ ಕುಡುಗೋಲು ತಂದವಳು ಎಂದೆ. ಅವಳು ತಲೆ ತಗ್ಗಿಸಿ ಕೂತಿದ್ದಳೇ ಹೊರತು ಒಂದಕ್ಕೂ ಎದುರಾಡಲಿಲ್ಲ. ಎದುರಾಡಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

"ಅವಳ ಮಗ ಅಲ್ವೇನೆ ಅದು," ಎಂದರು ಸಣ್ಣಸ್ವಾಮಿ, ನಾವಿಬ್ಬರೇ ಇದ್ದಾಗ. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಮುದ್ದಿಗೆ ಮಗ ಎನ್ನುತ್ತಾರೆ. "ಕೇಳಕ್ಕೆ ಅವಳಿಗೆ ಹಕ್ಕೈತೆ. ನೀನು ಬ್ಯಾಡ ಅಂದ್ರೆ ಅವಳು ಬಿಟ್ಟೂ ಹೋಗ್ತಾಳೆ. ಅದುನ್ನೂ ಯೋಚ್ನೆ ಮಾಡು."

ನಾನು ಅದನ್ನೇ ಯೋಚಿಸುತ್ತಿದ್ದೆ. ಬೇಡ ಎನ್ನಲು ನನಗೆ ಒಂದು ಕಾರಣ ಬೇಕಿತ್ತು, ಊರೆಲ್ಲ ಹೌದು ಎನ್ನುವಂಥ ಕಾರಣ.

ಅದು ತಾನಾಗಿ ಬಂತು. ಮೇ ಮೊದಲಲ್ಲಿ ಪ್ರಿಯಾಳಿಗೆ ಜ್ವರ ಹಿಡಿದು ಒಂದು ವಾರ ಬಿಡಲಿಲ್ಲ. ಬಿಟ್ಟ ಮೇಲೆ ಕೂದಲು ಉದುರತೊಡಗಿತು. ಬಾಚಣಿಗೆ ಇಟ್ಟರೆ ಸಾಕು, ಹಿಡಿ ಹಿಡಿ ಕೈಗೆ ಬರುತ್ತಿತ್ತು. ಡಾಕ್ಟರು ಜ್ವರದ ಮೇಲೆ ಹೀಗಾಗುವುದುಂಟು, ಮತ್ತೆ ಬರುತ್ತದೆ ಎಂದು ಟಾನಿಕ್ಕು ಬರೆದುಕೊಟ್ಟರು. ನಾನು ಉದುರಿದ ಕೂದಲನ್ನು ಉಂಡೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಜಗಲಿಯಲ್ಲಿ ಕೂತು ಅತ್ತುಬಿಟ್ಟೆ.

ಅತ್ತೆ ರಂಗಮ್ಮ ಟಾನಿಕ್ಕನ್ನು ನಂಬುವವರಲ್ಲ. ಒಂದು ಮುಷ್ಟಿ ಕಲ್ಲುಪ್ಪು, ಒಣಮೆಣಸಿನಕಾಯಿ, ಸಾಸಿವೆ ಹಿಡಿದು ಪ್ರಿಯಾಳನ್ನು ಬಾಗಿಲಿಗೆ ಮುಖ ಮಾಡಿ ಕೂರಿಸಿ ದೃಷ್ಟಿಗೆ ಇಳಿ ತೆಗೆದರು. ಕಂಡವರ ಕಣ್ಣು, ಬಂದವರ ಕಣ್ಣು ಎಂದು ಗೊಣಗುತ್ತಾ ಒಯ್ದು ಒಲೆಗೆ ಹಾಕಿದರು. ಮೆಣಸಿನಕಾಯಿ ಕೆಂಡದ ಮೇಲೆ ಕಪ್ಪಾಗಿ ಉಬ್ಬಿ ಸುಟ್ಟಿತು. ಯಾರೂ ಕೆಮ್ಮಲಿಲ್ಲ. ಯಾರಿಗೂ ಸೀನು ಬರಲಿಲ್ಲ.

"ಘಾಟೇ ಇಲ್ಲ ನೋಡು," ಎಂದರು ಅತ್ತೆ, ಗೆದ್ದವರ ಹಾಗೆ. "ದೃಷ್ಟಿ ಆಗದೆ ಇದ್ದಿದ್ರೆ ಈ ಹೊತ್ತಿಗೆ ಬೀದೀಲಿರೋರೆಲ್ಲ ಕೆಮ್ಬೇಕಾಗಿತ್ತು. ದೊಡ್ಡ ಕಣ್ಣೇ ಬಿದ್ದೈತೆ ಮಗಾಗೆ."

ಯಾರ ಕಣ್ಣು ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನನಗೆ ಗೊತ್ತಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು ರೆಪ್ಪೆ ಬಡಿಯದೆ ನೋಡುತ್ತಿದ್ದವಳು ಯಾರು? ನೋಡಿ ನೋಡಿ, ಬಾಯಲ್ಲಿ ಅದೇನನ್ನೋ ಗುನುಗುತ್ತಿದ್ದವಳು ಯಾರು? ಆ ಮಾತಿನಲ್ಲೇ ಏನೋ ಇದೆ ಎಂದು ನನ್ನ ತಲೆಗೆ ಹೊಕ್ಕಿತು. ಅದರ ಅರ್ಥ ತಿಳಿದುಕೊಂಡು ಬಂದು ಎಲ್ಲರ ಮುಂದೆ ಅವಳ ಮುಖಕ್ಕೆ ಹಿಡಿಯಬೇಕು. ಇಂಥ ಕಣ್ಣಿನವಳ ಜೊತೆ ಮಗುವನ್ನು ಕಳಿಸಬೇಕೇ ಎಂದು ಕೇಳಬೇಕು. ಆಗ ಯಾರು ಕಳಿಸು ಎನ್ನುತ್ತಾರೋ ನೋಡುತ್ತೇನೆ.

ಕೇಳಲು ನನಗೆ ಗೊತ್ತಿದ್ದವಳು ಸುಹರಾ ಒಬ್ಬಳೇ. ನೆಲ್ಯಹುದಿಕೇರಿಯವಳು. ದಿನಾ ಬಸ್ಸಿಗೆ ಬಂದು ಕುಶಾಲನಗರದಲ್ಲಿ ಟೈಲರಿಂಗ್ ಅಂಗಡಿ ನಡೆಸುತ್ತಾಳೆ. ನನ್ನ ಮದುವೆಯ ನಂತರದ ರವಿಕೆಗಳೆಲ್ಲ ಅವಳ ಕೈಯವೇ. ಒಂದು ರವಿಕೆ ಪೀಸು ನೆಪಕ್ಕೆ ಹಿಡಿದುಕೊಂಡು ಹೋದೆ.

ಅವಳು ಮಿಷನ್ನಿಗೆ ದಾರ ಪೋಣಿಸುತ್ತಿದ್ದಳು. ಅಳತೆ ಹಳೆಯದೇ ಎಂದೆ, ತೋಳು ಸ್ವಲ್ಪ ಉದ್ದ ಎಂದೆ, ಆಮೇಲೆ ಸುಮ್ಮನೆ ಬಂದ ಮಾತಿನ ಹಾಗೆ ಕೇಳಿದೆ.

"ಮಾಶಾ ಅಲ್ಲಾ ಅಂತೀರಲ್ಲ ಸುಹರಾ, ಅದ್ರರ್ಥ ಏನು? ಚೆನ್ನಾಗಿದೆ ಅಂತಾನಾ?"

"ಬರೀ ಚಂದ ಉಂಟು ಅಂತ ಅಲ್ಲ ಮೋಳೆ," ಎಂದಳು ಸುಹರಾ. ಮಗಳೇ ಎನ್ನಲು ಅವಳ ಮಲಯಾಳದಲ್ಲಿ ಮೋಳೆ. "ದೇವರು ಬಯಸಿದ್ದು ಇದು ಅಂತ. ನಾನು ಮಾಡಿದ್ದಲ್ಲ, ನೀನು ಮಾಡಿದ್ದಲ್ಲ, ಅವನು ಕೊಟ್ಟದ್ದು. ಪಾಸಾದವರಿಗೆ ಹೇಳ್ತೇವೆ, ಹೊಸ ಮನೆ ನೋಡಿದ್ರೆ ಹೇಳ್ತೇವೆ, ಮಗು ನೋಡಿದ್ರಂತೂ ಹೇಳಲೇಬೇಕು. ಯಾರಾದ್ರೂ ಮಗು ಚಂದ ಉಂಟು ಅಂತ ಹೇಳಿ ಸುಮ್ಮನಾದ್ರೆ, ತಾಯಿ ಬಿಡುವುದಿಲ್ಲ, ಅದನ್ನೂ ಸೇರಿಸಿ ಹೇಳು ಅಂತಾಳೆ."

"ಯಾಕೆ? ಹೇಳ್ದಿದ್ರೆ ಏನಾಗುತ್ತೆ?"

ಅವಳು ದಾರವನ್ನು ಹಲ್ಲಿನಿಂದ ಕತ್ತರಿಸಿದಳು. "ಕಣ್ಣು ತಾಗ್ತದಲ್ಲ. ಬೇರೆಯವರ ಕೈಯಲ್ಲಿ ಒಳ್ಳೆಯದು ನೋಡಿದ್ರೆ ನಮಗೆ ಒಳಗೆ ಚುರುಕ್ ಅಂತದಲ್ಲ, ಅಯ್ಯೋ ಇದು ನನಗಿಲ್ಲ ಅಂತ. ಅದು ಮನುಷ್ಯರಿಗೆ ಬಂದೇ ಬರ್ತದೆ. ಬಂದಾಗ, ನನ್ನ ಕಣ್ಣು ಅದಕ್ಕೆ ತಾಗದೆ ಇರಲಿ ಅಂತ ನಾವೇ ಹೇಳುವುದು. ಬೇರೆಯವರ ಕಣ್ಣಿಗೆ ಅಲ್ಲ ಕಾವ್ಯಾ. ನಮ್ಮದೇ ಕಣ್ಣಿಗೆ."

ನನ್ನ ಕಿವಿ ನೆಟ್ಟಗಾಯಿತು. ಅಂದರೆ ಒಳಗೆ ಉರಿ ಬಂದವರು ಹೇಳುವ ಮಾತು ಇದು. ದಿವ್ಯ ಪ್ರತಿ ಭಾನುವಾರ ನನ್ನೆದುರು ಕೂತು ತನ್ನ ಹೊಟ್ಟೆಕಿಚ್ಚನ್ನು ತನ್ನ ಬಾಯಿಂದಲೇ ಒಪ್ಪಿಕೊಂಡಿದ್ದಾಳೆ! ಸಾಕ್ಷಿ ಹುಡುಕಿಕೊಂಡು ಬಂದವಳಿಗೆ ತಪ್ಪೊಪ್ಪಿಗೆಯೇ ಸಿಕ್ಕಿತು.

"ಹಂಗಾದ್ರೆ ಹೇಳೋರ ಕಣ್ಣು ಕೆಟ್ಟದ್ದು ಅಂತಾಯ್ತು," ಎಂದೆ.

ಸುಹರಾ ನಕ್ಕಳು. "ಉಲ್ಟಾ ಹೇಳ್ತೀಯಲ್ಲ! ಹೇಳುವವರದ್ದು ಬೀಳುವುದಿಲ್ಲ. ನನ್ನದು, ನಾನು ಬೆಳೆಸಿದ್ದು ಅಂತ ಅಂದುಕೊಂಡು, ಇದನ್ನು ಹೇಳದೆ ನೋಡ್ತಾ ಕೂರ್ತಾರಲ್ಲ, ಅವರದ್ದು ಬೀಳುವುದು. ಪ್ರೀತಿ ಇದ್ದವರ ಕಣ್ಣೂ ಬೀಳ್ತದೆ. ತಾಯಿ ಕಣ್ಣೂ ಬೀಳ್ತದೆ."

ಆ ಕೊನೆಯ ಮಾತನ್ನು ನಾನು ಅಂಗಡಿಯಲ್ಲೇ ಬಿಟ್ಟು ಬರಲು ನೋಡಿದೆ. ಬಸ್ಸಿನಲ್ಲಿ ಅದು ಪಕ್ಕದಲ್ಲೇ ಬಂದು ಕೂತಿತು. ಎಷ್ಟು ವರ್ಷದ ಎಣ್ಣೆ ಅದು ಎಂದಿದ್ದೆನಲ್ಲ. ಬೀದಿಯಲ್ಲಿ ಯಾರು ಸಿಕ್ಕರೂ ಪ್ರಿಯಾಳನ್ನು ತಿರುಗಿಸಿ ನಿಲ್ಲಿಸಿ ಜಡೆ ತೋರಿಸುತ್ತಿದ್ದವಳು ನಾನೇ ಅಲ್ಲವೇ? ಛೆ, ಸುಹರಾಳಿಗೇನು ಗೊತ್ತು ಎಂದು ಬೈದುಕೊಂಡು ಕಿಟಕಿಯ ಆಚೆ ನೋಡಿದೆ. ಅವಳ ಮಾತಿನಲ್ಲಿ ನನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಮನೆಗೆ ಹೋದೆ.

ದಿವ್ಯ ಅಂಗಳದ ಕಲ್ಲಿನ ಹತ್ತಿರ, ರಜೆಗೆ ಮುಂಚಿನಿಂದ ಮೂಲೆಯಲ್ಲಿದ್ದ ಪ್ರಿಯಾಳ ಯೂನಿಫಾರ್ಮ್ ಒಗೆಯುತ್ತಿದ್ದಳು. ಅತ್ತೆ ಅಲ್ಲೇ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಒಳ್ಳೆಯದೇ ಆಯಿತು, ಒಬ್ಬರು ಸಾಕ್ಷಿ ಇರಲಿ ಎಂದುಕೊಂಡೆ. ಚಪ್ಪಲಿಯನ್ನೂ ಬಿಡದೆ ನೇರ ಹೋಗಿ ನಿಂತೆ.

"ಸುಹರಾ ಎಲ್ಲ ಹೇಳಿದ್ಲು," ಎಂದೆ. "ಆ ಮಾತು ಯಾಕೆ ಅಂತಾರೆ ಅಂತ. ಹೊಟ್ಟೆ ಉರಿಯೋರು ಅನ್ನೋದಂತೆ ಅದು. ನಿನಗೆ ನನ್ ಮೇಲೆ ಹೊಟ್ಟೆಕಿಚ್ಚು. ಹೌದೋ ಅಲ್ವೋ ಹೇಳು."

ಅವಳು ಇಲ್ಲ ಎನ್ನುತ್ತಾಳೆ, ಅಳುತ್ತಾಳೆ, ಆಣೆ ಇಡುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆಲ್ಲ ನನ್ನ ಹತ್ತಿರ ಉತ್ತರ ಇತ್ತು.

ದಿವ್ಯ ಯೂನಿಫಾರ್ಮ್ ಹಿಂಡಿ ಬಕೆಟ್ಟಿಗೆ ಹಾಕಿದಳು. "ಹೂಂ ಅಕ್ಕ," ಎಂದಳು. "ಹೊಟ್ಟೆಕಿಚ್ಚೇ. ಅದಕ್ಕೇ ಹೇಳ್ತೀನಿ."

ಅವಳು ಒದ್ದೆ ಕೈ ಒರೆಸಿಕೊಂಡಳು.

"ಕೂದ್ಲು ನೋಡಿ ಅಲ್ಲ ಹೇಳೋದು. ಅವಳು ತಲೆ ತಂದು ನಿನ್ನ ಮಂಡಿ ಮೇಲೆ ಇಡ್ತಾಳಲ್ಲ, ಆಗ ಹೇಳೋದು. ಆಗ ನನಗೆ ಕಲ್ಲಿನ ಮೇಲೆ ಕೂತಿರಕ್ಕೆ ಆಗಲ್ಲ. ನಿನ್ನ ಕೈ ಮುರಿದೋಗಲಿ ಅನ್ಸುತ್ತೆ. ನನ್ನ ಅಕ್ಕ ನೀನು, ನನ್ನ ಮಗೂನ ಸಾಕಿದೋಳು. ಹಂಗನ್ಸುತ್ತಲ್ಲ ಅಂತ ನನಗೇ ಭಯ ಆಗುತ್ತೆ. ನನ್ನ ಕಣ್ಣು ನಿಮ್ಮಿಬ್ರಿಗೆ ತಾಗದೆ ಇರಲಿ ಅಂತ ಹೇಳ್ಕೋತೀನಿ."

ಅತ್ತೆ ಹುಣಸೆ ಬೀಜ ತೆಗೆಯುವುದನ್ನು ನಿಲ್ಲಿಸಿದ್ದರು.

ಆಮೇಲೆ ಅವಳು ಒಗೆಯುವ ಕಲ್ಲಿಗೆ ಒರಗಿಕೊಂಡು ಮಸ್ಕತ್ತಿನ ಮನೆಯ ವಿಷಯ ಹೇಳಿದಳು. ಎಂದೂ ಹೇಳಿದವಳಲ್ಲ. ಅವಳು ಹೋದಾಗ ಆ ಮನೆಯ ಮಗು ರೀಮ್ ಇನ್ನೂ ಹಸುಗೂಸು. ಮೊದಲ ವಾರ ಮಗುವನ್ನು ಎತ್ತಿಕೊಂಡು, ಎಷ್ಟು ಮುದ್ದಾಗಿದೆ ಎಂದಳಂತೆ, ಅಷ್ಟೇ. ಮೇಡಂ ಮುಖ ಬಿಳಿಚಿಕೊಂಡಿತಂತೆ. ಅಜ್ಜಿ ಅವಳನ್ನು ಕೂರಿಸಿಕೊಂಡು, ಮಗುವನ್ನು ಹೊಗಳಿದರೆ ಇದನ್ನೂ ಹೇಳಬೇಕು ಎಂದು ಆ ಮಾತು ಕಲಿಸಿದರಂತೆ.

"ಅವತ್ತಿಂದ ಬಾಯಿಗೆ ಹತ್ತಿಕೊಳ್ತು. ರೀಮ್‌ನ ನಾನೇ ಬೆಳೆಸಿದೆ ಅಕ್ಕ. ಊಟ, ನಿದ್ದೆ, ಜಡೆ ಎಲ್ಲ ನಾನೇ. ಒಂದಿನ ಅಂಗಳದಲ್ಲಿ ಬಿದ್ದು ಮಂಡಿ ಕೆತ್ತಿಸ್ಕೊಂಡು ಅತ್ಕೊಂಡು ಓಡಿ ಬಂತು. ಮೇಡಂ ಕೈ ಚಾಚಿ ನಿಂತಿದ್ರು. ಮಗು ಅವ್ರನ್ನ ದಾಟ್ಕೊಂಡು ಬಂದು ನನ್ನ ಕಾಲು ತಬ್ಬಿಕೊಳ್ತು. ಮೇಡಂ ನಮ್ಮಿಬ್ರನ್ನೂ ನೋಡಿ ಮಾಶಾ ಅಲ್ಲಾ ಅಂದ್ರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಮುಂದಿನ ವಾರ ನನಗೆ ಟಿಕೆಟ್ ಬಂತು."

"ಬಯ್ದು ಕಳಿಸಿದ್ರಾ?" ಎಂದು ಅತ್ತೆ ಕೇಳಿದರು.

"ಇಲ್ಲ ಅಮ್ಮ. ಅತ್ಕೊಂಡೇ ಕಳಿಸಿದ್ರು. ನಾನು ದಾರಿಯುದ್ದಕ್ಕೂ ಅವ್ರನ್ನ ಬಯ್ಕೊಂಡು ಬಂದೆ. ಇಲ್ಲಿಗೆ ಬಂದು ಈ ಕಲ್ಲಿನ ಮೇಲೆ ಕೂತ ಮೇಲೆ ಗೊತ್ತಾಯ್ತು, ಅವ್ರಿಗೆ ಎಷ್ಟು ಉರೀತಿತ್ತು ಅಂತ."

ನನಗೆ ಅವಳ ಮೇಲೆ ಕನಿಕರ ಬಂತು ಎಂದರೆ ಸುಳ್ಳಾಗುತ್ತದೆ. ಬಂದದ್ದು ಇನ್ನೂ ದೊಡ್ಡ ಸಿಟ್ಟು. ಅವಳು ತನ್ನ ಹೊಟ್ಟೆಕಿಚ್ಚನ್ನು ಹೇಳಿ ಮುಗಿಸಿ ಹಗುರಾಗಿ ನಿಂತಿದ್ದಳು. ನನ್ನದು ನನ್ನೊಳಗೇ ಇತ್ತು.

"ಹಂಗಾದ್ರೆ ಆ ಮೇಡಂ ನಿನಗೆ ಕೊಟ್ಟ ಟಿಕೆಟ್‌ನ ನೀನು ನನಗೆ ಕೊಡ್ತಿದೀಯ," ಎಂದೆ.

ಅವಳು ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು. "ಕೊಡ್ತಿದೀನಿ ಅಕ್ಕ," ಎಂದಳು. "ಚೆಟ್ಟಳ್ಳಿ ಮಸ್ಕತ್ ಅಲ್ಲ. ಬಸ್ಸಿಗೆ ಒಂದು ಗಂಟೆ. ಆದ್ರೂ ಕೊಡ್ತಿದೀನಿ. ನೀನು ಬೇಡ ಅಂದ್ರೆ ಇವತ್ತೇ ಹೇಳ್ಬಿಡು, ಒಬ್ಬಳೇ ಹೋಗ್ತೀನಿ."

ಈ ಹೊತ್ತಿಗಾಗಿಯೇ ನಾನು ಕುಶಾಲನಗರಕ್ಕೆ ಹೋಗಿ ಬಂದದ್ದು. ಬೇಡ ಎನ್ನುವ ಮಾತು ಗಂಟಲವರೆಗೂ ಬಂತು. ಬಕೆಟ್ಟಿನಲ್ಲಿ ಅವಳು ಒಗೆದಿಟ್ಟ ಯೂನಿಫಾರ್ಮಿನ ಕಾಲರು ಕಂಡಿತು. ನಾನು ತಿಕ್ಕಿದರೂ ಹೋಗದ ಎಣ್ಣೆಯ ಕಲೆ ಹೋಗಿತ್ತು. ನಾನು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಅನ್ನಕ್ಕೆ ಎಸರಿಟ್ಟೆ. ನಮ್ಮ ಮನೆಯಲ್ಲಿ ನಾನು ಸುಮ್ಮನಾದರೆ ಅದೇ ಒಪ್ಪಿಗೆ ಎಂದು ಎಲ್ಲರಿಗೂ ಗೊತ್ತು.

ಪ್ರಿಯಾಳಿಗೆ ವಿಷಯ ಹೇಳಿದಾಗ ಅತ್ತಳು. ಅರ್ಧ ಗಂಟೆಗೆ, ಅಲ್ಲಿಯ ಸ್ಕೂಲಿನಲ್ಲಿ ಖೋಖೋ ಇದೆಯಾ ಎಂದು ದಿವ್ಯಳನ್ನು ಕೇಳಿದಳು. ಮತ್ತೆ ಅತ್ತಳು. ಮಲಗುವಾಗ ನನ್ನ ಕಿವಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ನನ್ನ ಜಡೆ ಯಾರು ಹಾಕ್ತಾರೆ ಅಮ್ಮ?"

"ಶನಿವಾರ ಬಂದ್ಬಿಡು, ನಾನೇ ಹಾಕ್ತೀನಿ," ಎಂದೆ. ವಾರದ ಮಿಕ್ಕ ದಿನಗಳ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಹೊರಡುವ ಬೆಳಗ್ಗೆ ಎಸ್ಟೇಟಿನ ಜೀಪು ಬಂದು ಅಂಗಳದ ಆಚೆ ನಿಂತಿತು. ಸೂಟ್‌ಕೇಸು, ಹುಲಿ ಕಂಬಳಿ, ಪ್ರಿಯಾಳ ಪುಸ್ತಕ ಎಲ್ಲವನ್ನೂ ಸಣ್ಣಸ್ವಾಮಿ ಮತ್ತು ಪುನೀತ ಹಿಂದೆ ಜೋಡಿಸುತ್ತಿದ್ದರು. ತಲೆ ಬಾಚುವುದೊಂದು ಬಾಕಿ ಇತ್ತು. ಪ್ರಿಯಾ ಬಾಚಣಿಗೆ ತಂದು ನನ್ನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತಳು. ದಿವ್ಯ ಎಂದಿನ ಹಾಗೆ ಕಲ್ಲಿನ ಮೇಲೆ ಹೋಗಿ ಕೂರಲು ಹೊರಟಿದ್ದಳು.

ಆಗ ನನಗೆ ಒಂದು ಯೋಚನೆ ಬಂತು. ಒಳ್ಳೆಯ ಯೋಚನೆಯಲ್ಲ. ಪ್ರಿಯಾಳ ಕೂದಲು ಈಗ ಮೊದಲಿನ ಅರ್ಧವೂ ಇಲ್ಲ. ಹಿಂದಲೆಯಲ್ಲಿ ಬುರುಡೆ ಕಾಣುತ್ತದೆ. ಎಲ್ಲಿ ಗಂಟಾಗುತ್ತದೆ, ಎಲ್ಲಿ ಎಳೆದರೆ ನೋಯುತ್ತದೆ ಎಂದು ನನಗೊಬ್ಬಳಿಗೆ ಗೊತ್ತು. ದಿವ್ಯಳ ಕೈಗೆ ಬಾಚಣಿಗೆ ಕೊಡೋಣ. ಎಳೆಯಲಿ, ಮಗು ಚೀರಲಿ, ಬೈತಲೆ ಸೊಟ್ಟಗಾಗಲಿ. ಜೀಪಿನವನೂ ನೋಡಲಿ, ನನ್ನ ಗಂಡನೂ ನೋಡಲಿ.

"ತಗೋ," ಎಂದೆ. "ಇನ್ಮೇಲೆ ನೀನೇ ಹಾಕ್ಬೇಕಲ್ಲ.‌"

ದಿವ್ಯ ನನ್ನ ಮುಖ ನೋಡಿದಳು. ನಂಬಲಿಲ್ಲ ಎಂದು ಕಾಣುತ್ತದೆ. ಆಮೇಲೆ ಬಾಚಣಿಗೆ ತೆಗೆದುಕೊಂಡಳು. ಮೇಲಿನ ಮೆಟ್ಟಿಲಲ್ಲಿ ಕೂತು, ಪ್ರಿಯಾಳ ಕೂದಲನ್ನು ಬಿಚ್ಚಿ, ಮೊದಲು ತುದಿಯಿಂದ ಸಿಕ್ಕು ಬಿಡಿಸಿದಳು. ಬೇರಿನ ಹತ್ತಿರ ಒಂದು ಕೈ ಒತ್ತಿ ಹಿಡಿದು, ಕೆಳಗೆ ಬಾಚಿದಳು. ಮಗು ಚೀರಲಿಲ್ಲ. ರೀಮ್‌ನ ತಲೆಯಲ್ಲಿ ಎಷ್ಟೋ ವರ್ಷ ಕಲಿತ ಕೈ ಅದು, ನಾನು ಅದನ್ನು ಮರೆತಿದ್ದೆ. ನಮ್ಮಲ್ಲಿ ಯಾರಿಗೂ ಬಾರದ ಒಂದು ಜಡೆ ಹಾಕತೊಡಗಿದಳು. ನೆತ್ತಿಯಿಂದಲೇ ನಾಲ್ಕು ಎಳೆ ಎತ್ತಿಕೊಂಡು, ಅತ್ತಿತ್ತಲಿಂದ ಚೂರು ಚೂರು ಕೂದಲು ಸೇರಿಸುತ್ತಾ, ಸಡಿಲಾಗಿ ಹೆಣೆಯುತ್ತಾ ಬಂದಳು. ತೆಳ್ಳಗಿದ್ದ ಕಡೆಯೆಲ್ಲ ಮುಚ್ಚಿಕೊಂಡು ಬಂತು. ಕೂದಲು ತುಂಬಿದ ಹಾಗೆ ಕಂಡಿತು, ಜ್ವರದ ಮುಂಚಿನ ಹಾಗೆ.

ಪುನೀತ ಸೂಟ್‌ಕೇಸು ಕೆಳಗಿಟ್ಟು ನೋಡುತ್ತಾ ನಿಂತ. ಒಳಗಿನಿಂದ ಬಂದ ಅತ್ತೆ ಬಾಗಿಲಲ್ಲಿ ನಿಂತರು.

ಪ್ರಿಯಾಳಿಗೆ ಜೊಂಪು ಹತ್ತಿತು. ಕಣ್ಣು ಅರ್ಧ ಮುಚ್ಚಿತು. ಅವಳು ಮೆಲ್ಲಗೆ ತಲೆ ತಂದು ದಿವ್ಯಳ ಮಂಡಿಗೆ ಒರಗಿಸಿದಳು.

ನನ್ನೊಳಗೆ ಏನಾಯಿತು ಎಂದು ಹೇಳಿಬಿಡುತ್ತೇನೆ. ಆ ಮಂಡಿ ಮುರಿಯಲಿ ಎನಿಸಿತು. ಆ ಬೆರಳುಗಳು ಸೆಟೆದುಕೊಳ್ಳಲಿ, ಜೀಪು ಕೆಡಲಿ, ಚೆಟ್ಟಳ್ಳಿಯ ದಾರಿಯೇ ಇಲ್ಲವಾಗಲಿ ಎನಿಸಿತು. ಕಣ್ಣು ಕೀಳಲು ಆಗಲಿಲ್ಲ. ಜಡೆ ಅಷ್ಟು ಚೆನ್ನಾಗಿತ್ತು. ಇಬ್ಬರೂ ಅಷ್ಟು ಚೆನ್ನಾಗಿ ಕಂಡರು. ನಾನು ರೆಪ್ಪೆ ಬಡಿಯದೆ ನೋಡುತ್ತಿದ್ದೇನೆ ಎಂದು ನನಗೇ ಗೊತ್ತಾಯಿತು. ನಾನು ನಿಂತದ್ದು ಒಗೆಯುವ ಕಲ್ಲಿನ ಪಕ್ಕದಲ್ಲಿ. ಒಲೆಯಲ್ಲಿ ಘಾಟಿಲ್ಲದೆ ಸುಟ್ಟ ಮೆಣಸಿನಕಾಯಿ ನೆನಪಾಯಿತು, ಹೆದರಿಕೆಯಾಯಿತು. ಜ್ವರದಿಂದ ಎದ್ದ ಮಗು ಅದು.

"ಮಾಶಾ ಅಲ್ಲಾ," ಎಂದೆ.

ದಿವ್ಯಳ ಕೈ ಹೆಣೆಯುವುದನ್ನು ನಿಲ್ಲಿಸಿತು. ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ನಾನು ಯಾವುದಾದರೂ ನೆಪ ಹಿಡಿದು ಜಗಳ ತೆಗೆಯುತ್ತಿದ್ದೆ. ಅವಳಿಗೆ ಅದು ಗೊತ್ತಿರಬೇಕು.

"ಅಂತೂ ಕಲ್ತ್ಕೊಂಡ್ಲಪ್ಪ ನನ್ ಸೊಸೆ!" ಎಂದರು ಅತ್ತೆ ಬಾಗಿಲಿನಿಂದ, ಖುಷಿಯಿಂದ.

ಒಮ್ಮೆ ಹೇಳಿದ್ದು ನನಗೆ ಸಾಕಾಗಲಿಲ್ಲ. ಉರಿ ಹಾಗೇ ಇತ್ತು. ಇನ್ನೊಮ್ಮೆ ಹೇಳಿದೆ.